ಪ್ರತ್ಯೇಕ ಮ್ಯೂಸಿಕ್ ಸ್ಟ್ರೀಮರ್ ಬೇಕೇ? ಮೊದಲು ಮನೆಯಲ್ಲಿರುವ ಟಿವಿಯಲ್ಲೇ ಪರೀಕ್ಷಿಸಿ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿರುವ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನನ್ನ ಬಳಿ ಮರಾಂಟ್ಜ್ ಪಿಎಂ 6007 ಆ್ಯಂಪ್ಲಿಫೈಯರ್, ಹಿಂಬದಿಯಲ್ಲಿ ರಂಧ್ರವಿರುವ ಒಂದು ಜೊತೆ ಬುಕ್‌ಷೆಲ್ಫ್ ಸ್ಪೀಕರ್, ಹಳೆಯದೊಂದು ಸಿಡಿ ಪ್ಲೇಯರ್ ಇವೆ. ಇನ್ನೂರರಷ್ಟು ಸಿಡಿಗಳಿವೆ, ಬಹುಪಾಲು ಹಿಂದೂಸ್ತಾನಿ ಗಾಯನ ಮತ್ತು ಭಾವಗೀತೆ. ಆದರೆ ಈಗ ಹೆಚ್ಚಾಗಿ ಕೇಳುವುದು ಆ್ಯಂಡ್ರಾಯ್ಡ್ ಫೋನಿನ ಸ್ಪಾಟಿಫೈ. ಆ್ಯಂಪ್‌ನ ಹಿಂದೆ ಸಿಕ್ಕಿಸಿರುವ ಸಣ್ಣ ಬ್ಲೂಟೂತ್ ರಿಸೀವರ್ ಮೂಲಕ ಕೇಳುತ್ತೇನೆ. ಧ್ವನಿ ಮಂಕಾಗಿದೆ ಅನ್ನಿಸುತ್ತದೆ. ಯಾರಾದರೂ ಫೋನ್ ಮಾಡಿದರೆ ಹಾಡು ನಿಂತುಹೋಗುತ್ತದೆ. ನನ್ನ ಹೆಂಡತಿ ಬೆಳಿಗ್ಗೆ ಯೂಟ್ಯೂಬಿನಲ್ಲಿ ದೇವರನಾಮ ಹಾಕಿಕೊಳ್ಳುತ್ತಾಳೆ. ಅದೇ ಕೋಣೆಯಲ್ಲಿ ಆ್ಯಂಡ್ರಾಯ್ಡ್ ಟಿವಿ ಇದೆ, ಆಪ್ಟಿಕಲ್ ಕೇಬಲಿನಲ್ಲಿ ಆ್ಯಂಪ್‌ಗೆ ಸೇರಿಸಿದ್ದೇನೆ. ಸ್ಪೀಕರ್‌ಗಳು ಟಿವಿ ಶೋಕೇಸಿನ ಎರಡು ಖಾನೆಗಳಲ್ಲಿವೆ. ನ್ಯೂಜೆರ್ಸಿಯಲ್ಲಿರುವ ಮಗ ಪ್ರತ್ಯೇಕ ಸ್ಟ್ರೀಮರ್ ತಗೊಳ್ಳಿ ಅನ್ನುತ್ತಾನೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಎಂಬತ್ತು ಸಾವಿರದ್ದು ತೋರಿಸಿದರು. ನಾನು ತೆಗೆದಿಟ್ಟಿರುವುದು ಮೂವತ್ತು ಸಾವಿರ. ನನಗೆ ಸ್ಟ್ರೀಮರ್ ಬೇಕೇ?

ಉತ್ತರ: ಮೇಷ್ಟ್ರೇ, ಈ ತಿಂಗಳು ಕೊಳ್ಳಬೇಡಿ. ಕೊಳ್ಳುವ ದಿನ ಬಂದರೂ ಎಂಬತ್ತು ಸಾವಿರದ ಕಡೆ ತಿರುಗಿ ನೋಡಬೇಡಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಹಾಡು ಹಾಕುವುದು, ನಿಲ್ಲಿಸುವುದು, ಫೋನ್ ಬಂದಾಗ ಕಡಿದುಹೋಗುವುದು ಬಳಕೆಯ ತೊಂದರೆ. ಸ್ಟ್ರೀಮರ್ ಇದನ್ನು ಖಂಡಿತ ಬಗೆಹರಿಸುತ್ತದೆ. ಧ್ವನಿ ಮಂಕಾಗಿರುವುದು ಬೇರೆಯೇ ಸಂಗತಿ. ಅದಕ್ಕೆ ಕಾರಣ ಬ್ಲೂಟೂತ್ ಇರಬಹುದು, ರೆಕಾರ್ಡಿಂಗ್ ಇರಬಹುದು. ನನಗೆ ಬಲವಾದ ಗುಮಾನಿ ಇರುವುದು ಆ ಶೋಕೇಸಿನ ಖಾನೆಗಳ ಮೇಲೆ. ಯಾವುದೆಂದು ಪತ್ತೆ ಮಾಡದೆ ಪೆಟ್ಟಿಗೆ ತಂದಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಉಳಿದು, ದುಡ್ಡು ದಂಡವಾಯಿತಲ್ಲ ಎಂಬ ಬೇಸರವೂ ಸೇರಿಕೊಳ್ಳುತ್ತದೆ.

ಸ್ಟ್ರೀಮರ್ ಎಂಬ ಪೆಟ್ಟಿಗೆಯೊಳಗೆ ಇರುವುದೇನು ಎಂದು ಮೊದಲು ನೋಡೋಣ. ಒಂದು ಸಣ್ಣ ಕಂಪ್ಯೂಟರ್ ಇದೆ. ಅದು ವೈಫೈ ಅಥವಾ ಲ್ಯಾನ್ ಕೇಬಲಿನಿಂದ ಇಂಟರ್‌ನೆಟ್‌ಗೆ ಸೇರಿಕೊಂಡು ಹಾಡಿನ ಡಿಜಿಟಲ್ ಮಾಹಿತಿಯನ್ನು ತಾನೇ ತರಿಸಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಒಂದು ಡ್ಯಾಕ್ ಇರುತ್ತದೆ: ಅಂಕಿಗಳನ್ನು ಆ್ಯಂಪ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿ ಬದಲಾಯಿಸುವ ಭಾಗ. ದುಬಾರಿ ಸ್ಟ್ರೀಮರ್‌ಗಳ ಬೆಲೆಯ ದೊಡ್ಡ ಪಾಲು ಹೋಗುವುದು ಈ ಡ್ಯಾಕ್‌ಗೆ, ಅದರ ಪವರ್ ಸಪ್ಲೈಗೆ, ಮುಂದಿನ ಪರದೆಗೆ, ದಪ್ಪ ಅಲ್ಯೂಮಿನಿಯಂ ಹೊದಿಕೆಗೆ. ನಿಮ್ಮ ಪಿಎಂ 6007ರ ಹಿಂಭಾಗ ಒಮ್ಮೆ ನೋಡಿ: ಡಿಜಿಟಲ್ ಮಾಹಿತಿ ಒಳಬರುವ ಎರಡು ಆಪ್ಟಿಕಲ್, ಒಂದು ಕೋಆ್ಯಕ್ಸಿಯಲ್ ಇನ್‌ಪುಟ್ ಇವೆ. ಅಂದರೆ ಆ್ಯಂಪ್‌ನೊಳಗೇ ಡ್ಯಾಕ್ ಇದೆ, ಅದರಲ್ಲಿರುವ ಎಕೆಎಂ ಕಂಪನಿಯ ಚಿಪ್ ಚೆನ್ನಾಗಿಯೇ ಇದೆ. ನೀವು ಅದಕ್ಕೆ ಈಗಾಗಲೇ ದುಡ್ಡು ಕೊಟ್ಟಾಗಿದೆ. ನಿಮಗೆ ಬೇಕಿರುವುದು ಮಾಹಿತಿಯನ್ನು ತಂದು ಆಪ್ಟಿಕಲ್ ಕೇಬಲಿಗೆ ಒಪ್ಪಿಸುವ ಭಾಗ ಮಾತ್ರ. ಅದು ಅಗ್ಗದ ಕೆಲಸ. ನೆಟ್‌ವರ್ಕಿನಲ್ಲಿ ಬರುವ ಮಾಹಿತಿ ಒಂದು ಪೊಟ್ಟಣ ತಪ್ಪಿದರೂ ಮತ್ತೆ ಕೇಳಿ ತರಿಸಿಕೊಳ್ಳುವಂಥ ಏರ್ಪಾಡಿನಲ್ಲಿ ಬರುತ್ತದೆ. ಹದಿನೈದು ಸಾವಿರದ ಪೆಟ್ಟಿಗೆ ತಂದ ಅಂಕಿಗೂ ಎಂಬತ್ತು ಸಾವಿರದ್ದು ತಂದ ಅಂಕಿಗೂ ವ್ಯತ್ಯಾಸವಿಲ್ಲ.

ಈಗಿನ ನಿಮ್ಮ ಬ್ಲೂಟೂತ್ ದಾರಿ ಹೇಗಿದೆ? ಸ್ಪಾಟಿಫೈ ಸರ್ವರಿನಿಂದ ಹಾಡು ಫೋನಿಗೆ ಬರುತ್ತದೆ. ಫೋನ್ ಅದನ್ನು ಬಿಚ್ಚಿ, ಬೇರೆ ಸದ್ದುಗಳ ಜೊತೆ ಬೆರೆಸಿ, ಮತ್ತೊಮ್ಮೆ ಒತ್ತಿ ಸಣ್ಣದಾಗಿಸಿ ಗಾಳಿಯಲ್ಲಿ ಕಳಿಸುತ್ತದೆ. ಅಗ್ಗದ ರಿಸೀವರ್‌ಗಳು ಬಹುತೇಕ ಎಸ್‌ಬಿಸಿ ಎಂಬ, ಸದ್ದನ್ನು ಒತ್ತಿ ಬಿಚ್ಚುವ ಹಳೆಯ ಕೋಡೆಕ್‌ಗೇ ಇಳಿಯುತ್ತವೆ. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಮಾಹಿತಿ ಇದ್ದರೆ ಎಸ್‌ಬಿಸಿ ತನ್ನ ಸಾಮಾನ್ಯ ಗರಿಷ್ಠ ಗುಣಮಟ್ಟದಲ್ಲಿ ಸಾಗಿಸುವುದು 328ರ ಆಸುಪಾಸು. ಸ್ಪಾಟಿಫೈ ಒಮ್ಮೆ ಒತ್ತಿದ್ದನ್ನು ಬ್ಲೂಟೂತ್ ಎರಡನೇ ಸಲ ಒತ್ತುತ್ತದೆ. ಆಮೇಲೆ ರಿಸೀವರಿನೊಳಗಿನ ಪುಟ್ಟ ಡ್ಯಾಕ್ ಅದನ್ನು ಅನಲಾಗ್ ಮಾಡಿ ಆ್ಯಂಪ್‌ಗೆ ಕೊಡುತ್ತದೆ. ನಿಮ್ಮ ಆ್ಯಂಪ್‌ನ ಒಳ್ಳೆಯ ಡ್ಯಾಕ್‌ಗೆ ಇಲ್ಲಿ ಕೆಲಸವೇ ಇಲ್ಲ. ಇಷ್ಟೆಲ್ಲಾ ಆದರೂ, ಸರಿಯಾಗಿ ಹೊಂದಿಸಿದ ಬ್ಲೂಟೂತ್ ಕೇಳಲಾಗದಷ್ಟು ಕೆಟ್ಟದಾಗಿರುವುದಿಲ್ಲ. ಫೋನಿನ ವಾಲ್ಯೂಮ್ ಕಡಿಮೆ ಇಟ್ಟು ಆ್ಯಂಪ್‌ನ ಗುಂಡಿಯನ್ನು ಜಾಸ್ತಿ ತಿರುಗಿಸುವ ಅಭ್ಯಾಸವಿದ್ದರೆ ಮಾತ್ರ ಹಿನ್ನೆಲೆಯ ಸುಸ್ಸೆನ್ನುವ ಸದ್ದೂ ಜೊತೆಗೆ ದೊಡ್ಡದಾಗುತ್ತದೆ. ಇವತ್ತೇ ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ, ಸದ್ದನ್ನು ಆ್ಯಂಪ್‌ನಲ್ಲಿ ಹೊಂದಿಸಿಕೊಂಡು ನೋಡಿ.

ಸ್ಪಾಟಿಫೈ ಕನೆಕ್ಟ್ ಅಥವಾ ಗೂಗಲ್ ಕಾಸ್ಟ್ ಎಂಬ ವೈಫೈ ಸೌಲಭ್ಯಗಳ ದಾರಿಯಲ್ಲಿ ಫೋನಿನ ಪಾತ್ರವೇ ಬದಲಾಗುತ್ತದೆ. ನೀವು ಫೋನಿನಲ್ಲಿ ಹಾಡನ್ನು ಆರಿಸುತ್ತೀರಿ, ಅಷ್ಟೇ. ಹಾಡನ್ನು ತರಿಸಿಕೊಳ್ಳುವುದು ಪೆಟ್ಟಿಗೆ. ಆಮೇಲೆ ಫೋನ್ ಬಂದರೆ ಮಾತಾಡಬಹುದು, ಫೋನನ್ನು ಜೇಬಿಗೆ ಹಾಕಿಕೊಂಡು ಹಾಲು ತರಲು ಹೋಗಬಹುದು, ಬ್ಯಾಟರಿ ಸತ್ತರೂ ಹಾಡುತ್ತಿರುವ ಆಲ್ಬಮ್ ಮುಂದುವರಿಯುತ್ತದೆ. ಸ್ಟ್ರೀಮರ್‌ನಿಂದ ಸಿಗುವ ನಿಜವಾದ ಲಾಭ ಇದು. ಇದನ್ನು ಸಣ್ಣದೆಂದು ನಾನು ಹೇಳುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಒಂದು ರಾಗ ಏರುತ್ತಿರುವಾಗ ಬ್ಯಾಂಕಿನ ಮೆಸೇಜಿನ ಟಿಂಗ್ ಸದ್ದು ನಡುವೆ ತೂರಿದರೆ ಕೇಳ್ಮೆ ಅಲ್ಲಿಗೇ ಒಡೆದುಹೋಗುತ್ತದೆ. ಅದನ್ನು ತಪ್ಪಿಸಲು ದುಡ್ಡು ಕೊಡುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಈ ಲಾಭವನ್ನು ನೀವು ಪೈಸೆ ಖರ್ಚಿಲ್ಲದೆ ನಾಳೆಯೇ ಸವಿದು ನೋಡಬಹುದು. ನಿಮ್ಮ ಟಿವಿ ಆಪ್ಟಿಕಲ್ ಕೇಬಲಿನಲ್ಲಿ ಆ್ಯಂಪ್‌ಗೆ ಸೇರಿದೆ ಎಂದಿರಿ. ಆ್ಯಂಡ್ರಾಯ್ಡ್ ಟಿವಿಯಲ್ಲಿ ಕಾಸ್ಟ್ ಸೌಲಭ್ಯ ಒಳಗೇ ಇರುತ್ತದೆ, ಸ್ಪಾಟಿಫೈ ಆ್ಯಪ್ ಹಾಕಿಕೊಳ್ಳಬಹುದು. ಅಂದರೆ ನಿಮ್ಮ ಮನೆಯಲ್ಲಿ ಒಂದು ಸ್ಟ್ರೀಮರ್ ಆಗಲೇ ಇದೆ, 43 ಇಂಚೋ 55 ಇಂಚೋ ಪರದೆಯ ಸಮೇತ. ಟಿವಿಯ ಸೌಂಡ್ ಸೆಟ್ಟಿಂಗಿಗೆ ಹೋಗಿ ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ಪಿಸಿಎಂ (ಒತ್ತದ ಸಾದಾ ಡಿಜಿಟಲ್ ರೂಪ) ಆರಿಸಿ. ಡಾಲ್ಬಿಯಲ್ಲಿ ಬಿಟ್ಟರೆ ನಿಮ್ಮ ಆ್ಯಂಪ್‌ಗೆ ಅದು ಅರ್ಥವಾಗದೆ ಕೆಲವೊಮ್ಮೆ ಏನೂ ಕೇಳಿಸದು. ಸರೌಂಡ್, ಬಾಸ್ ಬೂಸ್ಟ್, ಸಂಭಾಷಣೆ ಸ್ಪಷ್ಟಗೊಳಿಸುವ ವ್ಯವಸ್ಥೆ, ಇಂಥವನ್ನೆಲ್ಲ ಆಫ್ ಮಾಡಿ. ಫೋನ್ ಮತ್ತು ಟಿವಿ ಒಂದೇ ವೈಫೈನಲ್ಲಿರಲಿ. ಆಮೇಲೆ ಫೋನಿನ ಸ್ಪಾಟಿಫೈನಲ್ಲಿ ಹಾಡಿನ ಕೆಳಗಿರುವ ಸಾಧನಗಳ ಗುರುತು ಒತ್ತಿದರೆ ಟಿವಿಯ ಹೆಸರು ಕಾಣುತ್ತದೆ. ಅದನ್ನು ಮುಟ್ಟಿ.

ಸಾಮಾನ್ಯವಾಗಿ ಟಿವಿಗಳು ಎಲ್ಲ ಸಂಗೀತದ ಮಾದರಿ ದರವನ್ನೂ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಎಂಬುದು) 48 ಕಿಲೋಹರ್ಟ್ಸ್‌ಗೆ ಬದಲಾಯಿಸಿ ಹೊರಗೆ ಕಳಿಸುತ್ತವೆ. ಸಿಡಿ ಮತ್ತು ಹೆಚ್ಚಿನ ಹಾಡುಗಳು ಇರುವುದು 44.1ರಲ್ಲಿ. ಇದರ ಬಗ್ಗೆ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಈ ಪರೀಕ್ಷೆಯ ಮಟ್ಟಿಗೆ ನೀವು ಅದರ ಗೊಡವೆಗೆ ಹೋಗಬೇಡಿ. ಒಂದೆರಡು ವಾರ ಹೀಗೇ ಕೇಳಿ. ಈ ಅವಧಿಯಲ್ಲಿ ನೀವಿಬ್ಬರೂ ಸಂಗೀತ ಕೇಳುವ ಹೊತ್ತು ಹೆಚ್ಚಾಯಿತೇ, ಟಿವಿ ಹಾಕುವ, ಪರದೆ ಬೆಳಗುವ ಕಿರಿಕಿರಿ ನಿಜವಾಗಿ ಅಡ್ಡ ಬರುತ್ತದೆಯೇ ಎಂಬುದನ್ನು ಗಮನಿಸಿ. ಅಡ್ಡ ಬಂದರೆ ಸ್ಟ್ರೀಮರ್ ಕೊಳ್ಳಲು ಅದು ತಕ್ಕ ಕಾರಣ: ಪರದೆಯಿಲ್ಲದೆ, ರಿಮೋಟ್ ಹುಡುಕದೆ, ಫೋನಿನಲ್ಲಿ ಒಂದು ಸಲ ಮುಟ್ಟಿದರೆ ಹಾಡು ಶುರುವಾಗುವ ಅನುಕೂಲ. ಏನೂ ತೊಂದರೆಯಾಗದಿದ್ದರೆ ಮೂವತ್ತು ಸಾವಿರ ನಿಮ್ಮಲ್ಲೇ ಇರಲಿ.

ಇನ್ನು ಮಂಕುತನ. ಇದಕ್ಕೆ ನಿಮ್ಮ ಮನೆಯಲ್ಲೇ ಅಳತೆಗೋಲಿದೆ, ಸಿಡಿ ಪ್ಲೇಯರ್. ನಿಮ್ಮಲ್ಲಿ ಸಿಡಿ ಇರುವ, ಸ್ಪಾಟಿಫೈನಲ್ಲೂ ಅದೇ ಆಲ್ಬಮ್ ಸಿಗುವ ಒಂದನ್ನು ಆರಿಸಿ. ಅದೇ ರೆಕಾರ್ಡಿಂಗ್ ಆಗಿರಬೇಕು, ಅದೇ ರಾಗದ ಬೇರೆ ಕಛೇರಿ ಆಗಬಾರದು. ಸ್ಪಾಟಿಫೈ ಸೆಟ್ಟಿಂಗಿನಲ್ಲಿ ಎಲ್ಲ ಹಾಡನ್ನೂ ಒಂದೇ ಸದ್ದಿಗೆ ತರುವ ವ್ಯವಸ್ಥೆಯನ್ನು ಆಫ್ ಮಾಡಿ, ಗುಣಮಟ್ಟವನ್ನು ಇರುವುದರಲ್ಲಿ ಮೇಲಿನದಕ್ಕೆ ಇಡಿ. ಈಗ ಸಿಡಿ, ಟಿವಿ ದಾರಿಯ ಸ್ಪಾಟಿಫೈ, ಬ್ಲೂಟೂತ್ ದಾರಿಯ ಸ್ಪಾಟಿಫೈ ಮೂರನ್ನೂ ಒಂದೊಂದಾಗಿ ಕೇಳಿ. ಸದ್ದಿನ ಮಟ್ಟ ಮೂರರಲ್ಲೂ ಒಂದೇ ಇರಬೇಕು, ಇದರಲ್ಲಿ ರಾಜಿ ಬೇಡ. ಒಂದು ಡೆಸಿಬೆಲ್‌ನಷ್ಟು ಜೋರಾಗಿರುವುದನ್ನು ಕಿವಿ ಜೋರು ಎಂದು ಗುರುತಿಸುವುದಿಲ್ಲ, ಚೆನ್ನಾಗಿದೆ ಎಂದು ತಿಳಿಯುತ್ತದೆ. ಅಂಗಡಿಗಳಲ್ಲಿ ದುಬಾರಿ ಪೆಟ್ಟಿಗೆ ಥಟ್ಟನೆ ಇಷ್ಟವಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸಿಡಿ ಪ್ಲೇಯರಿನ ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್‌ನಷ್ಟಿರುತ್ತದೆ, ಸಣ್ಣ ಬ್ಲೂಟೂತ್ ರಿಸೀವರ್‌ಗಳದ್ದು ಅದಕ್ಕಿಂತ ಕಡಿಮೆ. ಹಾಗಾಗಿ ಆ್ಯಂಪ್‌ನ ಗುಂಡಿ ಒಂದೇ ಜಾಗದಲ್ಲಿದ್ದರೂ ಬ್ಲೂಟೂತ್ ಸಪ್ಪೆಯಾಗಿ ಕೇಳುತ್ತದೆ. ನಿಮ್ಮ ಹೆಂಡತಿಯವರು ಮೂಲ ಬದಲಾಯಿಸಿ ಸದ್ದು ಹೊಂದಿಸಲಿ, ಯಾವುದೆಂದು ಹೇಳದಿರಲಿ, ನೀವು ಬೆನ್ನು ಹಾಕಿ ಕೂತು ಕೇಳಿ.

ಮೂರು ಫಲಿತಾಂಶಗಳಲ್ಲಿ ಒಂದು ಬರುತ್ತದೆ. ಸಿಡಿಯೂ ಟಿವಿಯೂ ಚೆನ್ನಾಗಿದ್ದು ಬ್ಲೂಟೂತ್ ಮಾತ್ರ ಮಂಕಾಗಿದ್ದರೆ ತಪ್ಪು ಆ ರಿಸೀವರಿನದು. ಸ್ಟ್ರೀಮರ್ ನಿಮಗೆ ಕೇಳ್ಮೆಯಲ್ಲೂ ಲಾಭ ಕೊಡುತ್ತದೆ. ಸಿಡಿ ಮಾತ್ರ ಚೆನ್ನಾಗಿದ್ದು ಉಳಿದೆರಡೂ ಸಪ್ಪೆ ಎನಿಸಿದರೆ ಸ್ಪಾಟಿಫೈನಲ್ಲಿರುವ ಪ್ರತಿಯನ್ನೇ ಅನುಮಾನಿಸಿ. ಹಳೆಯ ಕನ್ನಡ ಮತ್ತು ಹಿಂದೂಸ್ತಾನಿ ಸಂಗೀತದಲ್ಲಿ ಇದು ತೀರಾ ಸಾಮಾನ್ಯ. ಒಂದೇ ಹಾಡು ನಾಲ್ಕು ಕಂಪನಿಗಳ ಹೆಸರಿನಲ್ಲಿ ನಾಲ್ಕು ಸಲ ಇರುತ್ತದೆ. ಒಂದು ಮೂಲ ಟೇಪಿನಿಂದ ಬಂದದ್ದು, ಇನ್ನೊಂದು ಸವೆದ ಕ್ಯಾಸೆಟ್ಟಿನಿಂದ ಎತ್ತಿ ಹಿನ್ನೆಲೆಯ ಗದ್ದಲ ತೆಗೆಯುವ ಭರದಲ್ಲಿ ತಂಬೂರಿಯ ಮೇಲಿನ ನಾದವನ್ನೂ ಒರೆಸಿಹಾಕಿದ್ದು. ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ ಕೊಟ್ಟ 78 ಆರ್‌ಪಿಎಂ ತಟ್ಟೆಗಳಲ್ಲಿ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ ಮಾತ್ರ ಜಾಗ, ಮೇಲಿನ ಕಂಪನಾಂಕಗಳು ಹೆಚ್ಚು ಇರಲೇ ಇಲ್ಲ. ಅಂಥದ್ದನ್ನು ಎಷ್ಟೇ ದೊಡ್ಡ ಡ್ಯಾಕ್‌ಗೆ ಕೊಟ್ಟರೂ ಇಲ್ಲದ್ದು ಬರುವುದಿಲ್ಲ. ಅದರ ಸೊಗಸು ಬೇರೆ, ಅದನ್ನು ಹಾಗೆಯೇ ಕೇಳಬೇಕು.

ಮೂರನೆಯದು, ಸಿಡಿಯೂ ಸೇರಿ ಎಲ್ಲವೂ ಮಂಕು. ಹಾಗಾಗುತ್ತದೆ ಎಂದೇ ನನ್ನ ಊಹೆ. ಆಗ ತಪ್ಪು ಸ್ಪೀಕರ್ ಇಟ್ಟಿರುವ ರೀತಿಯದು. ಹಿಂಬದಿಯಲ್ಲಿ ರಂಧ್ರವಿರುವ ಸ್ಪೀಕರನ್ನು ಮರದ ಖಾನೆಯೊಳಗೆ ತುರುಕಿದರೆ ಆ ರಂಧ್ರದಿಂದ ಬರುವ ಕೆಳದನಿ ಹೊರಗೆ ಹೋಗಲು ಜಾಗವಿಲ್ಲದೆ ಖಾನೆಯಲ್ಲೇ ಸುತ್ತುತ್ತದೆ. ತಬಲಾದ ಡಗ್ಗಾ ಊದಿಕೊಳ್ಳುತ್ತದೆ, ಒಂದೊಂದು ಪೆಟ್ಟು ಬಿಡಿಯಾಗಿ ಕೇಳುವ ಬದಲು ಗುಮ್ಮೆಂದು ಒಂದಾಗುತ್ತದೆ. ಆ ಗುಮ್ಮು ಗಂಡುದನಿಯ ಕೆಳಭಾಗವನ್ನೂ ಮುಚ್ಚುತ್ತದೆ. ಹಾಡುವವರು ಗೋಣಿತಾಟಿನ ಹಿಂದೆ ನಿಂತಂತೆ ಕೇಳುತ್ತದೆ. ಖಾನೆಯ ಎರಡೂ ಗೋಡೆಗಳಿಗೆ ಬಡಿದು ಬರುವ ಸದ್ದು ಎಡ ಬಲದ ಚಿತ್ರವನ್ನೂ ಕಲಸುತ್ತದೆ. ಎರಡೂ ಸ್ಪೀಕರನ್ನು ಹೊರಗೆ ತೆಗೆದು, ತಾತ್ಕಾಲಿಕವಾಗಿ ಎರಡು ಸ್ಟೂಲುಗಳ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಮುಂದೆ ಇಡಿ. ನೀವು ಕೂರುವ ಕುರ್ಚಿಗೂ ಎರಡು ಸ್ಪೀಕರಿಗೂ ನಡುವೆ ಹೆಚ್ಚು ಕಡಿಮೆ ಸಮಬಾಹು ತ್ರಿಕೋನವಾಗಲಿ, ಮೇಲ್ದನಿ ಹೊರಡಿಸುವ ಸಣ್ಣ ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ. ಸ್ಪೀಕರುಗಳ ಮುಖ ನಿಮ್ಮ ಕಡೆಗೆ ತುಸು ತಿರುಗಿರಲಿ. ಎದುರಿಗೆ ಬರಿ ಟೈಲ್ಸ್ ನೆಲವಿದ್ದರೆ ಒಂದು ಜಮಖಾನ ಹಾಸಿ. ಅದೇ ಸಿಡಿಯನ್ನು ಮತ್ತೆ ಹಾಕಿ.

ಯಾವ ಸ್ಟ್ರೀಮರೂ, ಎಂಬತ್ತು ಸಾವಿರದ್ದೂ ಕೂಡ, ಇಷ್ಟು ದೊಡ್ಡ ಬದಲಾವಣೆ ತರಲಾರದು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಇಷ್ಟವಾದರೆ ಊರಿನ ಬಡಗಿಯಿಂದಲೋ ವೆಲ್ಡಿಂಗ್ ಶಾಪಿನವರಿಂದಲೋ ಅಲುಗಾಡದ ಎರಡು ಸ್ಟ್ಯಾಂಡ್ ಮಾಡಿಸಿ. ಮೇಲಿನ ಹಲಗೆ ಸ್ಪೀಕರಿನ ಬುಡಕ್ಕೆ ಸರಿಯಾಗಿ ಕೂರಲಿ, ಮೊಮ್ಮಕ್ಕಳು ಬಂದಾಗ ಉರುಳದಷ್ಟು ಅಡಿಭಾಗ ಭಾರವಿರಲಿ. ನಿಮ್ಮ ಮೂವತ್ತು ಸಾವಿರದಲ್ಲಿ ಮೊದಲ ಖರ್ಚು ಇದೇ ಆಗಬೇಕು.

ಮಗ ಯಾಕೆ ಅಷ್ಟು ಒತ್ತಾಯಿಸುತ್ತಾರೆ ಎಂಬುದೂ ಅರ್ಥವಾಗುವಂಥದ್ದೇ. ಅಮೆರಿಕದಲ್ಲಿ ಟೈಡಲ್ ಎಂಬ ಸಂಗೀತ ಸೇವೆ ಇದೆ, 2019ರಿಂದ ಕೋಬಝ್ ಕೂಡ ಇದೆ. ಇವು ಸಿಡಿ ಗುಣಮಟ್ಟ ಮತ್ತು ಅದಕ್ಕೂ ಮೇಲಿನದನ್ನು ಕೊಡುತ್ತವೆ, ಸ್ಟ್ರೀಮರ್‌ಗಳ ಆ್ಯಪ್‌ನೊಳಗೆ ನೇರವಾಗಿ ಬೆರೆತುಕೊಂಡಿರುತ್ತವೆ. ಅಲ್ಲಿ ಕೂತು ನೋಡಿದರೆ ಸ್ಟ್ರೀಮರ್ ಬೇಕೇ ಬೇಕು ಎನ್ನಿಸುವುದು ಸಹಜ. ಇವೆರಡೂ ಭಾರತದಲ್ಲಿ ಅಧಿಕೃತವಾಗಿ ಸಿಗುವುದಿಲ್ಲ. ಹೊರದೇಶದ ವಿಮರ್ಶೆಗಳನ್ನು ಓದುವಾಗ ಇದನ್ನು ನೆನಪಿಡಿ: ಅಲ್ಲಿ ಹೊಗಳಿರುವ ಸೌಲಭ್ಯಗಳಲ್ಲಿ ಅರ್ಧದಷ್ಟು ನಿಮ್ಮ ಮನೆಯಲ್ಲಿ ಮೂಲೆಗೆ ಬೀಳುತ್ತವೆ. ಸ್ಪಾಟಿಫೈ 2025ರ ಸೆಪ್ಟೆಂಬರಿನಲ್ಲಿ, ಒತ್ತಿದರೂ ಏನೂ ಕಳೆಯದ ಲಾಸ್‌ಲೆಸ್ ಗುಣಮಟ್ಟ ಪ್ರಕಟಿಸಿತು. ಇಲ್ಲಿ ಅದು ಮೇಲಿನ ದರ್ಜೆಯ ಚಂದಾಕ್ಕೆ ಸೇರಿದ್ದು. ಅದನ್ನು ಕೊಂಡರೂ ಬ್ಲೂಟೂತ್ ದಾರಿಯಲ್ಲಿ ಅದು ಲಾಸ್‌ಲೆಸ್ ಆಗಿ ಉಳಿಯುವುದಿಲ್ಲ, ವೈಫೈ ದಾರಿಯೇ ಬೇಕು. ಆ್ಯಪಲ್ ಮ್ಯೂಸಿಕ್ 2021ರಿಂದ ಹೆಚ್ಚುವರಿ ದುಡ್ಡಿಲ್ಲದೆ ಲಾಸ್‌ಲೆಸ್ ಕೊಡುತ್ತಿದೆ, ಆದರೆ ಹೆಚ್ಚಿನ ಸ್ಟ್ರೀಮರ್‌ಗಳೊಳಗೆ ಅದಕ್ಕೆ ಸ್ವಂತ ಜಾಗವಿಲ್ಲ, ಐಫೋನಿನಿಂದ ಏರ್‌ಪ್ಲೇಯಲ್ಲೋ ಆ್ಯಂಡ್ರಾಯ್ಡ್ ಫೋನಿನಿಂದ ಕಾಸ್ಟ್ ಮೂಲಕವೋ ಕಳಿಸಬೇಕು. ಸದ್ಯಕ್ಕೆ ಅದನ್ನು ಬದಿಗಿಡಿ.

ಸಿಡಿಗಿಂತ ಮೇಲಿನ ಗುಣಮಟ್ಟ ಎನ್ನುವ ಹೈ ರೆಸಲ್ಯೂಷನ್ ಎಂಬ ಮಾತಿಗೂ ಬೆಲೆ ಕಟ್ಟಬೇಡಿ. 2007ರಲ್ಲಿ ಮೇಯರ್ ಮತ್ತು ಮೋರನ್ ಎಂಬಿಬ್ಬರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವರದಿ ಪ್ರಕಟಿಸಿದರು. ಉನ್ನತ ಗುಣಮಟ್ಟದ ತಟ್ಟೆಯ ಸಂಗೀತವನ್ನು ನೇರವಾಗಿ ಒಮ್ಮೆ, ಸಿಡಿಯ 16 ಬಿಟ್ 44.1 ಕಿಲೋಹರ್ಟ್ಸ್ ಕಟ್ಟಿನ ಮೂಲಕ ಹಾಯಿಸಿ ಒಮ್ಮೆ ಕೇಳಿಸಿದರು. 554 ಸಲ ಕೇಳಿದ್ದರಲ್ಲಿ ಸರಿಯಾಗಿ ಗುರುತಿಸಿದ್ದು 276 ಸಲ, ಅಂದರೆ ಶೇ. 49.8. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಅದರ ಮೇಲೆ ವಾದ ವಿವಾದಗಳು ನಡೆದಿವೆ. ಆದರೆ ಸೀಲಿಂಗ್ ಫ್ಯಾನ್ ತಿರುಗುತ್ತಿರುವ, ಹೊರಗೆ ಸ್ಕೂಟರ್ ಓಡಾಡುವ ಒಂದು ಹಾಲ್‌ನಲ್ಲಿ ಕೂತು ಕೇಳುವವರಿಗೆ ಸಿಡಿಯ ಗುಣಮಟ್ಟ ಸಾಕಾಗಿ ಮಿಕ್ಕುತ್ತದೆ.

ಮನೆಯವರ ಯೂಟ್ಯೂಬ್ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಸ್ಟ್ರೀಮರ್ ಕೊಂಡ ನಮ್ಮ ಕಡೆಯ ಬಹಳ ಮನೆಗಳಲ್ಲಿ ಪೆಟ್ಟು ಬೀಳುವುದು ಇಲ್ಲೇ. ಯೂಟ್ಯೂಬ್ ಆ್ಯಪ್ ಪರದೆ ಇರುವ ಸಾಧನಗಳಿಗೆ ಮಾತ್ರ ಕಾಸ್ಟ್ ಮಾಡುತ್ತದೆ. ಬರಿ ಆಡಿಯೋ ಸ್ಟ್ರೀಮರ್ ಅದರ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಯೂಟ್ಯೂಬ್ ಮ್ಯೂಸಿಕ್ ಎಂಬ ಬೇರೆ ಆ್ಯಪ್ ಗೂಗಲ್ ಕಾಸ್ಟ್ ಇರುವ ಸ್ಟ್ರೀಮರ್‌ಗೆ ಹೋಗುತ್ತದೆ, ಆದರೆ ಚಂದಾ ಕಟ್ಟಿದರೇ ಅದು ಸಲೀಸು. ಹಳೆಯ ಆಕಾಶವಾಣಿ ಕಛೇರಿಗಳು, ಯಾರೋ ಪುಣ್ಯಾತ್ಮರು ಕ್ಯಾಸೆಟ್ಟಿನಿಂದ ಏರಿಸಿದ ಹರಿಕಥೆ, ಊರ ದೇವಸ್ಥಾನದ ಭಜನೆ, ಇಂಥ ಎಷ್ಟೋ ಸಂಗತಿಗಳು ಇರುವುದು ಯೂಟ್ಯೂಬಿನಲ್ಲಿ ಮಾತ್ರ. ಆದ್ದರಿಂದ ಸ್ಟ್ರೀಮರ್ ಬಂದರೂ ಟಿವಿಯ ಆಪ್ಟಿಕಲ್ ಕೇಬಲನ್ನು ಕೀಳಬೇಡಿ. ನಿಮ್ಮ ಆ್ಯಂಪ್‌ನಲ್ಲಿ ಎರಡು ಆಪ್ಟಿಕಲ್ ಇರುವುದು ಒಳ್ಳೆಯದಾಯಿತು: ಒಂದಕ್ಕೆ ಟಿವಿ, ಇನ್ನೊಂದಕ್ಕೆ ಸ್ಟ್ರೀಮರ್. ಕೊಳ್ಳುವಾಗ ಗೂಗಲ್ ಕಾಸ್ಟ್ ಇದೆಯೇ ಎಂದು ಪೆಟ್ಟಿಗೆಯ ಮೇಲೆ ಓದಿ ಖಾತ್ರಿ ಮಾಡಿಕೊಳ್ಳಿ. ಉದಾಹರಣೆಗೆ ವೀಮ್ ಕಂಪನಿಯ ಮಿನಿ ಎಂಬ ಸ್ಟ್ರೀಮರಿನಲ್ಲಿ ಅದಿಲ್ಲ, ಪ್ರೋದಲ್ಲಿ ಇದೆ. ಆ್ಯಂಡ್ರಾಯ್ಡ್ ಮನೆಗೆ ಈ ಒಂದು ವ್ಯತ್ಯಾಸಕ್ಕಾಗಿಯೇ ಪ್ರೋಗೆ ಹೋಗಬೇಕು. ಅಮೆರಿಕದಲ್ಲಿ ಪ್ರೋ ಬಂದಾಗಿನ ಬೆಲೆ 149 ಡಾಲರ್. ಮಗ ಬರುವಾಗ ತರಬಹುದು, ಅದು 5 ವೋಲ್ಟಿನ ಯುಎಸ್‌ಬಿ ಅಡಾಪ್ಟರಿನಲ್ಲಿ ನಡೆಯುವುದರಿಂದ ನಮ್ಮ ಕರೆಂಟಿಗೆ ತೊಂದರೆಯಿಲ್ಲ. ಆದರೆ ಕೆಟ್ಟರೆ ಇಲ್ಲಿ ವಾರಂಟಿ ಕೇಳುವುದು ಕಷ್ಟ. ಇಲ್ಲಿನ ಬಿಲ್ಲು ಇರುವುದೇ ಮೇಲು.

ನಾನು ಅಗ್ಗದ ಪೆಟ್ಟಿಗೆಯ ಪರ ಇಷ್ಟು ಮಾತಾಡಲು ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಆ್ಯಂಪ್ ಮತ್ತು ಸ್ಪೀಕರ್ ಇಪ್ಪತ್ತು ವರ್ಷ ಬಾಳುವ ವಸ್ತುಗಳು. ಸ್ಟ್ರೀಮರ್ ಬಾಳುವುದು ಅದರ ಹಿಂದಿರುವ ಕಂಪನಿ ಸಾಫ್ಟ್‌ವೇರ್ ನೋಡಿಕೊಳ್ಳುವಷ್ಟು ಕಾಲ ಮಾತ್ರ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ 2015ರಲ್ಲಿ ಬಂತು. ಅಂಗೈಯಗಲದ ಆ ತಟ್ಟೆ ಎಷ್ಟೋ ಹಳೆಯ ಆ್ಯಂಪ್‌ಗಳಿಗೆ ಜೀವ ಕೊಟ್ಟಿತು. 2019ರ ಹೊತ್ತಿಗೆ ತಯಾರಿಕೆ ನಿಂತಿತು. 2025ರ ಮಾರ್ಚಿನಲ್ಲಿ ಅದರೊಳಗಿನ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು, ಜಗತ್ತಿನಾದ್ಯಂತ ಅವು ಒಂದೇ ದಿನ ಕೆಲಸ ನಿಲ್ಲಿಸಿದವು. ಆಮೇಲೆ ಗೂಗಲ್ ಸರಿಪಡಿಸಿತು ನಿಜ, ಆದರೆ ಪೆಟ್ಟಿಗೆಯಲ್ಲಿ ಏನೂ ಕೆಡದಿದ್ದರೂ ಅದು ಮೂಕವಾಗಬಹುದು ಎಂಬುದು ಎಲ್ಲರಿಗೂ ಗೊತ್ತಾಯಿತು. ಲಾಜಿಟೆಕ್‌ನ ಸ್ಕ್ವೀಜ್‌ಬಾಕ್ಸ್ ಸ್ಟ್ರೀಮರ್‌ಗಳ ತಯಾರಿಕೆ 2012ರಲ್ಲಿ ನಿಂತಿತು, 2024ರಲ್ಲಿ ಅದರ ಆನ್‌ಲೈನ್ ಸೇವೆಯೂ ಮುಚ್ಚಿತು. ಆದರೆ ಅದರ ಸರ್ವರ್ ಸಾಫ್ಟ್‌ವೇರ್ ಎಲ್ಲರಿಗೂ ಮುಕ್ತವಾಗಿದ್ದರಿಂದ ಬಳಕೆದಾರರೇ ಅದನ್ನು ಮುಂದುವರಿಸಿದ್ದಾರೆ; ಈಗ ಲಿರಿಯನ್ ಎಂಬ ಹೆಸರಿನಲ್ಲಿದೆ, ಹಳೆಯ ಸ್ಕ್ವೀಜ್‌ಬಾಕ್ಸ್‌ಗಳು ಇನ್ನೂ ಹಾಡುತ್ತಿವೆ. ಮೊದಲು ಮುಪ್ಪಾಗುವ ಭಾಗ ಬಿಡಿಯಾಗಿರಲಿ, ಅಗ್ಗವಾಗಿರಲಿ, ಬದಲಾಯಿಸಲು ಬರುವಂತಿರಲಿ. ಸ್ಟ್ರೀಮರ್ ಒಳಗೇ ಇರುವ ಹೊಸ ಆ್ಯಂಪ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನು ಬೇಡ ಎನ್ನುವುದೂ ಇದಕ್ಕಾಗಿಯೇ.

ನಿಮ್ಮ ಇನ್ನೂರು ಸಿಡಿಗಳನ್ನು ಮಾತ್ರ ಕೈಬಿಡಬೇಡಿ. ಪರವಾನಗಿ ಮುಗಿದ ದಿನ ಒಂದು ಆಲ್ಬಮ್ ಸ್ಪಾಟಿಫೈನಿಂದ ಸದ್ದಿಲ್ಲದೆ ಮಾಯವಾಗುತ್ತದೆ. ಕಪಾಟಿನಲ್ಲಿರುವುದು ಎಲ್ಲಿಗೂ ಹೋಗದು. ಬಿಡುವಿದ್ದಾಗ ಕಂಪ್ಯೂಟರಿನಲ್ಲಿ ಅವನ್ನು ಗುಣಮಟ್ಟ ಕಳೆಯದ ಫ್ಲ್ಯಾಕ್ ಎಂಬ ಕಡತ ರೂಪಕ್ಕೆ ಎತ್ತಿಟ್ಟುಕೊಳ್ಳಿ. ಒಂದು ಸಿಡಿ 300ರಿಂದ 400 ಎಂಬಿ ಆಗುತ್ತದೆ, ಎಲ್ಲವೂ ಸೇರಿ 128 ಜಿಬಿಯ ಪೆನ್‌ಡ್ರೈವಿನಲ್ಲಿ ಹಿಡಿಸುತ್ತವೆ. ಇನ್ನೊಂದು ಪ್ರತಿ ಬೇರೆ ಡ್ರೈವಿನಲ್ಲಿರಲಿ. ಹೆಸರು ತುಂಬುವಾಗ ತಾಳ್ಮೆ ಬೇಕು: ಇಂಟರ್‌ನೆಟ್ ತಾನಾಗಿ ತುಂಬುವ ಮಾಹಿತಿಯಲ್ಲಿ ಒಬ್ಬರೇ ಗಾಯಕರ ಹೆಸರು ಮೂರು ಬಗೆಯ ಕಾಗುಣಿತದಲ್ಲಿ ಬಂದು ಮೂವರಾಗಿಬಿಡುತ್ತಾರೆ. ರಾಗದ ಹೆಸರನ್ನು ನೀವೇ ಒಂದೇ ಕ್ರಮದಲ್ಲಿ ಬರೆದಿಟ್ಟರೆ ಮುಂದೆ ಯಮನ್ ಎಂದು ಹುಡುಕಿದಾಗ ಎಲ್ಲರ ಯಮನ್ನೂ ಒಟ್ಟಿಗೆ ಸಿಗುತ್ತದೆ. ಸ್ಪಾಟಿಫೈ ಇದನ್ನು ನೆಟ್ಟಗೆ ಮಾಡಿಕೊಟ್ಟಿದ್ದನ್ನು ನಾನು ನೋಡಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ ಕೇಳುವ ಆಸೆಯಿದ್ದರೆ ಸ್ಟ್ರೀಮರಿನಲ್ಲಿ ಯುಎಸ್‌ಬಿ ಡ್ರೈವ್ ಓದುವ ಜಾಗ ಇದೆಯೇ ನೋಡಿ. ಮೇಲೆ ಹೇಳಿದ ಪ್ರೋದಲ್ಲಿ ಅದಿಲ್ಲ, ಮನೆಯ ಇನ್ನೊಂದು ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ ತರಿಸಿಕೊಳ್ಳಬೇಕು. ಅದೇ ಕಂಪನಿಯ ಅಲ್ಟ್ರಾದಲ್ಲಿ ಇದೆ, ಬೆಲೆ ಪ್ರೋದ ಎರಡರಷ್ಟಕ್ಕೂ ಹೆಚ್ಚು. ಕಂಪ್ಯೂಟರ್ ಗೊತ್ತಿರುವ ಶಿಷ್ಯರು ಯಾರಾದರೂ ಊರಲ್ಲಿದ್ದರೆ ರಾಸ್ಪ್‌ಬೆರಿ ಪೈ ಎಂಬ ಸಣ್ಣ ಬೋರ್ಡಿನ ಮೇಲೆ ಆಪ್ಟಿಕಲ್ ಔಟ್‌ಪುಟ್ ಕೊಡುವ ಇನ್ನೊಂದು ಹಲಗೆ ಕೂರಿಸಿ, ವಾಲ್ಯೂಮಿಯೋ ಅಥವಾ ಮೂಡ್ ಎಂಬ ಸಂಗೀತ ಸಾಫ್ಟ್‌ವೇರ್ ಹಾಕಿಕೊಡಬಲ್ಲರು. ಅಗ್ಗ, ಪೆನ್‌ಡ್ರೈವೂ ಓದುತ್ತದೆ. ಆದರೆ ಏನಾದರೂ ಕೈಕೊಟ್ಟಾಗ ಆ ಶಿಷ್ಯರು ಊರಲ್ಲೇ ಇರಬೇಕು.

ಮಲೆನಾಡಿನ ಮಳೆಗಾಲಕ್ಕೆ ಎರಡು ಮಾತು. ನಿಮ್ಮದು ಜಂಬಿಟ್ಟಿಗೆಯ ದಪ್ಪ ಗೋಡೆಯ ಮನೆಯಾದರೆ 5 ಗಿಗಾಹರ್ಟ್ಸ್ ವೈಫೈ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ; 2.4 ಆರಿಸಿ, ಇಲ್ಲವೇ ಲ್ಯಾನ್ ಕೇಬಲ್ ಎಳೆಸಿ. ಗುಡುಗು ಮಿಂಚಿದ್ದಾಗ ಆ್ಯಂಪ್, ರೂಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ, ಸಿಡಿಲು ಕರೆಂಟಿನ ತಂತಿಯಲ್ಲಷ್ಟೇ ಬರುವುದಿಲ್ಲ. ಕರೆಂಟ್ ಇದ್ದು ನೆಟ್ ಇಲ್ಲದ ಸಂಜೆಗಳಿಗೆ ಸಿಡಿ ಪ್ಲೇಯರ್ ಜಾಗ ಬಿಟ್ಟು ಕದಲದಿರಲಿ.

ಸ್ಪೀಕರ್ ಹೊರಬಂದು, ಟಿವಿಯ ಪ್ರಯೋಗ ಮುಗಿದು, ಸ್ಟ್ರೀಮರ್ ಬೇಕೇ ಬೇಕು ಎನ್ನಿಸಿದರೆ ತೆಗೆದಿಟ್ಟ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಅದಕ್ಕೆ ಹಾಕಬೇಡಿ. ವಾಪಸ್ ತೆಗೆದುಕೊಳ್ಳುವ ಅವಧಿ ಎಷ್ಟೆಂದು ಮೊದಲೇ ಕೇಳಿ, ಆ ದಿನಗಳಲ್ಲೇ ಪರೀಕ್ಷೆ ಮಾಡಿ. ವಿಲಂಬಿತ್ ಮತ್ತು ದ್ರುತ್ ಎರಡು ಟ್ರ್ಯಾಕ್ ಆಗಿರುವ ಕಛೇರಿಯೊಂದನ್ನು ಹಾಕಿ, ನಡುವೆ ಒಂದು ಕ್ಷಣ ಮೌನ ಬೀಳುತ್ತದೆಯೇ ಕೇಳಿ. ಬಿದ್ದರೆ ಆ ಪೆಟ್ಟಿಗೆ ನಿಮ್ಮ ಸಂಗೀತಕ್ಕೆ ತಕ್ಕದ್ದಲ್ಲ. ಆ್ಯಂಪ್‌ನ ಗುಂಡಿಯನ್ನು, ಬ್ಲೂಟೂತ್ ದಾರಿಯಂತಲ್ಲದೆ, ಇಲ್ಲಿ ಮನೆಗೆ ಹಿತವಾದ ಗರಿಷ್ಠ ಸದ್ದಿಗೆ ನಿಲ್ಲಿಸಿ, ದಿನದ ಏರಿಳಿತವನ್ನು ಫೋನಿನಿಂದ ಮಾಡಿ; ಬೆಳಗಿನ ಐದು ಗಂಟೆಗೆ ಮನೆ ನಡುಗುವ ಅಪಾಯ ಇರುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ತಾನಾಗಿ ವೈಫೈ ಸೇರಿಕೊಳ್ಳುತ್ತದೆಯೇ ನೋಡಿ. ಕೊನೆಗೆ ನಿಮ್ಮ ಹೆಂಡತಿಯವರ ಕೈಗೆ ಅವರದೇ ಫೋನ್ ಕೊಟ್ಟು ನೀವು ಪಕ್ಕದ ಕೋಣೆಗೆ ಹೋಗಿ. ನಿಮ್ಮನ್ನು ಕರೆಯದೆ ಅವರು ಒಂದು ದೇವರನಾಮ ಹಾಕಿಕೊಂಡರೆ ಪೆಟ್ಟಿಗೆ ಇಟ್ಟುಕೊಳ್ಳಿ, ಇಲ್ಲವಾದರೆ ವಾಪಸ್ ಮಾಡಿ ಟಿವಿಯಲ್ಲೇ ಮುಂದುವರಿಯಿರಿ.